ಕಾಪಾಡಬೇಕಾದವರೇ ಸಿಕ್ಕಿಬಿದ್ದ ಸಿನಿಮಾ

1963ರ ಅಕ್ಟೋಬರ್ 24ರಂದು ಪಶ್ಚಿಮ ಜರ್ಮನಿಯ ಲೆಂಗೆಡೆ ಎಂಬ ಊರಿನ ಕಬ್ಬಿಣದ ಅದಿರಿನ ಗಣಿಗೆ ಕೆಸರುನೀರು ನುಗ್ಗಿತು. ಆ ಹೊತ್ತಿನಲ್ಲಿ ಒಳಗಿದ್ದವರು 129 ಮಂದಿ. ಹೆಚ್ಚಿನವರು ಮೊದಲ ಕೆಲವು ಗಂಟೆಗಳಲ್ಲೇ ಹೇಗೋ ಮೇಲೆ ಬಂದರು. ಉಳಿದವರಿಗಾಗಿ ನೆಲ ಕೊರೆಯುವ ಕೆಲಸ ಶುರುವಾಯಿತು. ಎಲ್ಲ ಮುಗಿಯಿತು, ಇನ್ನು ಯಾರೂ ಬದುಕಿರಲಾರರು ಎಂದು ಕೈಚೆಲ್ಲುವ ಹೊತ್ತಿಗೆ ಒಂದು ಹಳೆಯ ಸುರಂಗದಲ್ಲಿ ಇನ್ನೂ ಹನ್ನೊಂದು ಜನ ಜೀವಂತವಾಗಿದ್ದಾರೆಂಬುದು ಗೊತ್ತಾಯಿತು. ನವೆಂಬರ್ 7ರಂದು, ಅಂದರೆ ಹದಿನಾಲ್ಕು ದಿನಗಳ ನಂತರ, ಕಿರಿದಾದ ಕೊಳವೆಯಂಥ ತೊಟ್ಟಿಲಲ್ಲಿ ಒಬ್ಬೊಬ್ಬರನ್ನೇ ಮೇಲೆಳೆದರು. 29 ಜನ ತೀರಿಕೊಂಡಿದ್ದರು.

ಈ ಸುದ್ದಿಯನ್ನು ಇಂಗ್ಲೆಂಡಿನಲ್ಲಿ ಕುಳಿತು ಕೇಳುತ್ತಿದ್ದವರಲ್ಲಿ ಮೂವತ್ತನಾಲ್ಕು ವರ್ಷದ ಜೆರಿ ಆಂಡರ್ಸನ್ ಒಬ್ಬರು. ಅವರ ಮನಸ್ಸಿಗೆ ಹತ್ತಿದ್ದು ಒಂದು ಸಣ್ಣ ವಿವರ: ಕೊರೆಯುವ ಭಾರೀ ಯಂತ್ರ ಗಣಿಯ ಹತ್ತಿರ ಇರಲಿಲ್ಲ, ದೂರದ ಬ್ರೆಮೆನ್‌ನಿಂದ ಬರಬೇಕಾಗಿತ್ತು. ಕೆಳಗೆ ಜನ ಉಸಿರು ಬಿಗಿಹಿಡಿದು ಕೂತಿರುವಾಗ ಯಂತ್ರ ಇನ್ನೂ ದಾರಿಯಲ್ಲಿದೆ. ಇಂಥ ಯಂತ್ರಗಳನ್ನೆಲ್ಲ ಒಂದು ಕಡೆ ಸಜ್ಜಾಗಿಟ್ಟುಕೊಂಡು, ಜಗತ್ತಿನ ಯಾವ ಮೂಲೆಯಿಂದ ಕೂಗು ಕೇಳಿದರೂ ಗಂಟೆಯೊಳಗೆ ಹೋಗಿ ಇಳಿಯುವವರು ಇದ್ದಿದ್ದರೆ?

ಆ ಪ್ರಶ್ನೆಯಿಂದ ಹುಟ್ಟಿದ್ದು ‘ಥಂಡರ್‌ಬರ್ಡ್ಸ್’. ಹೆಸರಿನ ಹಿಂದೆಯೂ ಒಂದು ನೋವಿದೆ. ಜೆರಿಯ ಅಣ್ಣ ಲಯೊನೆಲ್ ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಪೈಲಟ್. ತರಬೇತಿಗೆಂದು ಅಮೆರಿಕದ ಅರಿಜೋನಾಕ್ಕೆ ಹೋಗಿದ್ದಾಗ, ಅಲ್ಲಿನ ಥಂಡರ್‌ಬರ್ಡ್ ಫೀಲ್ಡ್ ಎಂಬ ವಿಮಾನ ನೆಲೆಯ ಪ್ರಸ್ತಾಪ ಮನೆಗೆ ಬರೆದ ಕಾಗದದಲ್ಲಿ ಬಂದಿತ್ತು. 1944ರಲ್ಲಿ ಲಯೊನೆಲ್ ಯುದ್ಧದಲ್ಲಿ ತೀರಿಕೊಂಡರು. ತಮ್ಮನ ತಲೆಯಲ್ಲಿ ಆ ಹೆಸರು ಇಪ್ಪತ್ತು ವರ್ಷ ಉಳಿದಿತ್ತು.

ಈ ಸರಣಿಯ ಮೇಲೆ ಮೂರು ಸಿನಿಮಾಗಳು ಬಂದವು: 1966ರಲ್ಲಿ ಒಂದು, 1968ರಲ್ಲಿ ಒಂದು, 2004ರಲ್ಲಿ ಇನ್ನೊಂದು. ಮೂರೂ ಸೋತವು. ಮೂರನೆಯದನ್ನಂತೂ ಅಭಿಮಾನಿಗಳು ಇವತ್ತಿಗೂ ಕ್ಷಮಿಸಿಲ್ಲ. ಅದರಲ್ಲಿ ಗೊಂಬೆಗಳನ್ನು ತೆಗೆದು ಮನುಷ್ಯರನ್ನು ಹಾಕಿದ್ದರು, ಅದಕ್ಕೇ ಸೋತಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಮೊದಲೆರಡು ಸಿನಿಮಾಗಳಲ್ಲಿ ಅವೇ ಗೊಂಬೆಗಳಿದ್ದವು, ಅವೇ ಯಂತ್ರಗಳಿದ್ದವು, ಅದೇ ತಂಡವಿತ್ತು. ಆದರೂ ಜನ ಬರಲಿಲ್ಲ. ಹಾಗಾದರೆ ತಪ್ಪಿಹೋದದ್ದು ಏನು?

ಸರಣಿಯನ್ನು ನೋಡಿರದವರಿಗಾಗಿ ನಾಲ್ಕು ಮಾತು. ಜೆಫ್ ಟ್ರೇಸಿ ಎಂಬ ಮಾಜಿ ಗಗನಯಾತ್ರಿ ಒಂದು ಗುಪ್ತ ದ್ವೀಪದಲ್ಲಿ ತನ್ನ ಐವರು ಗಂಡುಮಕ್ಕಳೊಂದಿಗೆ ‘ಇಂಟರ್‌ನ್ಯಾಷನಲ್ ರೆಸ್ಕ್ಯೂ’ ಎಂಬ ಸಂಸ್ಥೆ ನಡೆಸುತ್ತಾನೆ. ಮಕ್ಕಳಿಗೆ ಅಮೆರಿಕದ ಮೊದಲ ಗಗನಯಾತ್ರಿಗಳ ಹೆಸರುಗಳು: ಸ್ಕಾಟ್, ಜಾನ್, ವರ್ಜಿಲ್, ಗೋರ್ಡನ್, ಆಲನ್. ಐದು ಥಂಡರ್‌ಬರ್ಡ್‌ಗಳಿವೆ. ಒಂದನೆಯದು ವೇಗದ ರಾಕೆಟ್ ವಿಮಾನ, ಎರಡನೆಯದು ಯಂತ್ರಗಳನ್ನು ಹೊಟ್ಟೆಯೊಳಗೆ ಹೊತ್ತೊಯ್ಯುವ ದಪ್ಪ ಹಸಿರು ವಿಮಾನ, ಮೂರನೆಯದು ಬಾಹ್ಯಾಕಾಶಕ್ಕೆ, ನಾಲ್ಕನೆಯದು ನೀರಿನಡಿಗೆ, ಐದನೆಯದು ಜಗತ್ತಿನ ಕೂಗುಗಳಿಗೆ ಕಿವಿಗೊಟ್ಟು ಮೇಲೆ ತೇಲುವ ನಿಲ್ದಾಣ. ಲಂಡನ್ನಿನಲ್ಲಿ ಲೇಡಿ ಪೆನೆಲೊಪೆ ಎಂಬ ಶ್ರೀಮಂತ ಗೂಢಚಾರಿಣಿ, ಅವಳ ಗುಲಾಬಿ ಬಣ್ಣದ ಆರು ಗಾಲಿಯ ರೋಲ್ಸ್ ರಾಯ್ಸ್, ಅದನ್ನು ಓಡಿಸುವ ಹಳೆಯ ಕಳ್ಳ ಪಾರ್ಕರ್. ಯಂತ್ರಗಳನ್ನು ವಿನ್ಯಾಸ ಮಾಡುವ, ತೊದಲುವ ‘ಬ್ರೇನ್ಸ್’. ರಹಸ್ಯಗಳನ್ನು ಕದಿಯಲು ಹೊಂಚುಹಾಕುವ ‘ಹುಡ್’.

ಮೊದಲ ಕಂತು 1965ರ ಸೆಪ್ಟೆಂಬರ್ 30ರಂದು ಪ್ರಸಾರವಾಯಿತು. ಅದನ್ನು ತಯಾರಿಸಿದ ಜಾಗ ಲಂಡನ್ ಪಕ್ಕದ ಸ್ಲೌ ಪಟ್ಟಣದ ಕೈಗಾರಿಕಾ ಪ್ರದೇಶ, ಶೆಡ್ಡುಗಳ ನಡುವಿನ ಸ್ಟುಡಿಯೊ.

ಜೆರಿ ಆಂಡರ್ಸನ್‌ಗೆ ಗೊಂಬೆಗಳ ಮೇಲೆ ಪ್ರೀತಿಯೇ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರಿಗೆ ಬೇಕಿದ್ದದ್ದು ನಿಜವಾದ ನಟರ ಸಿನಿಮಾ. 1957ರಲ್ಲಿ ಸಂಗಡಿಗರೊಂದಿಗೆ ಕಟ್ಟಿದ ಪುಟ್ಟ ಕಂಪನಿಗೆ ಕೆಲಸವಿಲ್ಲದೆ ದಿನ ದೂಡುತ್ತಿದ್ದಾಗ ಸಿಕ್ಕಿದ್ದು ಮಕ್ಕಳ ಗೊಂಬೆ ಸರಣಿ. ಹೊಟ್ಟೆಪಾಡಿಗೆ ಒಪ್ಪಿಕೊಂಡರು. ಗೊಂಬೆ ಮಾಡಬೇಕೆಂದಾದರೆ ಅದು ಗೊಂಬೆಯಂತೆ ಕಾಣಬಾರದು, ಸಿನಿಮಾದಂತೆ ಕಾಣಬೇಕು ಎಂಬ ಹಟ ಅವತ್ತೇ ಶುರುವಾದದ್ದು. ಆ ಹಟಕ್ಕೆ ಅವರು ಕೊಟ್ಟ ಹೆಸರು ‘ಸೂಪರ್‌ಮೇರಿಯೊನೇಷನ್’. ನಟರ ಸಂಭಾಷಣೆಯನ್ನು ಮೊದಲೇ ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಆ ಧ್ವನಿಯ ವಿದ್ಯುತ್ ಸಂಕೇತ ತೆಳ್ಳನೆಯ ಲೋಹದ ತಂತಿಗಳಲ್ಲೇ ಇಳಿದು ಗೊಂಬೆಯ ತಲೆಯೊಳಗಿನ ಪುಟ್ಟ ವಿದ್ಯುತ್ಕಾಂತಕ್ಕೆ ತಲುಪಿ, ಮಾತಿಗೆ ಸರಿಯಾಗಿ ಕೆಳತುಟಿ ಆಡುತ್ತಿತ್ತು. ಆ ಸಾಧನ ತಲೆಯಲ್ಲಿ ಕೂರಬೇಕಾದ್ದರಿಂದ ತಲೆ ಮೈಗಿಂತ ದೊಡ್ಡದಾಯಿತು. ಜನ ಮುದ್ದಿನಿಂದ ನೆನೆಯುವ ಆ ದಪ್ಪತಲೆಯ ಚಹರೆ ಯಾರೋ ಕಲಾವಿದರು ಯೋಚಿಸಿ ಬಿಡಿಸಿದ್ದಲ್ಲ.

ಆದರೆ ಗೊಂಬೆ ನಡೆಯುತ್ತಿರಲಿಲ್ಲ. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು, ಅಲ್ಲಿ ಗೊಂಬೆಯ ಕುಣಿತವೇ ಜೀವಾಳ. ಸ್ಲೌನಲ್ಲಿ ಸೂತ್ರ ಹಿಡಿದವರು ಸೆಟ್ಟಿನ ಮೇಲೆ ಕಟ್ಟಿದ ಎತ್ತರದ ಅಟ್ಟದಲ್ಲಿ ನಿಲ್ಲುತ್ತಿದ್ದರು. ಅಷ್ಟು ಉದ್ದದ ತಂತಿಯಲ್ಲಿ ಹೆಜ್ಜೆಯ ಭಾರ ತೋರಿಸುವುದು ಆಗದ ಮಾತು. ಹಾಗಾಗಿ ಕಥೆಯೇ ನಡಿಗೆಯನ್ನು ತಪ್ಪಿಸಿಕೊಂಡಿತು. ಸ್ಕಾಟ್ ಗೋಡೆಗೆ ಬೆನ್ನುಕೊಟ್ಟು ನಿಂತರೆ ಗೋಡೆ ತಿರುಗುತ್ತದೆ. ವರ್ಜಿಲ್ ಚಿತ್ರಪಟಕ್ಕೆ ಒರಗಿದರೆ ಅದು ಬಾಗಿ ಅವನನ್ನು ಜಾರುಬಂಡೆಗೆ ಬಿಡುತ್ತದೆ. ಆಲನ್ ಕೂತ ಸೋಫಾ ನೆಲದೊಳಕ್ಕೆ ಇಳಿಯುತ್ತದೆ. ಈಜುಕೊಳ ಸರಿದು ರಾಕೆಟ್ ಮೇಲೇಳುತ್ತದೆ, ತಾಳೆಮರಗಳು ಎರಡೂ ಬದಿಗೆ ಮಲಗಿ ಎರಡನೆಯ ವಿಮಾನಕ್ಕೆ ದಾರಿ ಬಿಡುತ್ತವೆ. ಗೊಂಬೆಗೆ ಕಾಲು ಬಾರದ ಕಾರಣಕ್ಕೆ ಹುಟ್ಟಿದ ಈ ಏರ್ಪಾಟುಗಳು ಪ್ರತಿ ಕಂತಿನಲ್ಲಿ ಮತ್ತೆ ಬರುತ್ತಿದ್ದವು, ಪೂಜೆಗೆ ಮೊದಲಿನ ಸಿದ್ಧತೆಯಂತೆ. ನೋಡುವ ಮಗುವಿಗೆ ಗೊತ್ತಿತ್ತು: ಎಲ್ಲೋ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ, ಇವರು ಹೊರಟರು.

ಮೊದಲು ಒಂದೊಂದು ಕಂತೂ ಅರ್ಧ ಗಂಟೆಯ ಅವಧಿಗೆಂದು ಯೋಜಿಸಿದ್ದು. ಹಣ ಹಾಕುತ್ತಿದ್ದ ಲ್ಯೂ ಗ್ರೇಡ್ ಮೊದಲ ಕಂತು ನೋಡಿ, ಇದು ಟೀವಿ ಅಲ್ಲ ಸಿನಿಮಾ ಎಂದು ಉಬ್ಬಿಹೋಗಿ ಅವಧಿಯನ್ನು ಒಂದು ಗಂಟೆಗೆ ಏರಿಸಿದರು. ಆಗಲೇ ಕೆಲವು ಕಂತುಗಳ ಚಿತ್ರೀಕರಣ ಮುಗಿದಿತ್ತು, ಅವುಗಳಿಗೂ ಹೊಸ ದೃಶ್ಯ ಸೇರಿಸಿ ಹಿಗ್ಗಿಸಬೇಕಾಯಿತು. ತಂಡಕ್ಕೆ ಅದು ತಲೆನೋವು, ಸರಣಿಗೆ ಮಾತ್ರ ಅದೇ ವರವಾಯಿತು. ಸಿಕ್ಕಿಬಿದ್ದವರಿಗೆ ಮಾತಾಡಲು ಸಮಯ ಸಿಕ್ಕಿತು. ಮನೆಯಲ್ಲಿ ಕಾಯುವ ತಂದೆಯ ಮುಖಕ್ಕೆ, ಪೆನೆಲೊಪೆ ಮತ್ತು ಪಾರ್ಕರನ ಹರಟೆಗೆ ಜಾಗ ಸಿಕ್ಕಿತು.

ಮೊದಲ ಕಂತನ್ನೇ ತೆಗೆದುಕೊಳ್ಳಿ. ಅಣುಶಕ್ತಿಯ ಪ್ರಯಾಣಿಕ ವಿಮಾನವೊಂದರ ಗಾಲಿಗಳ ಜಾಗದಲ್ಲಿ ಬಾಂಬು ಇಟ್ಟಿದ್ದಾರೆ. ಇಳಿದರೆ ಸಿಡಿಯುತ್ತದೆ, ಹೆಚ್ಚು ಹೊತ್ತು ಮೇಲಿದ್ದರೆ ವಿಕಿರಣ ಕೊಲ್ಲುತ್ತದೆ. ಕೊನೆಗೆ ರನ್‌ವೇ ಮೇಲೆ ವೇಗವಾಗಿ ಓಡುವ ಮೂರು ಗಾಡಿಗಳ ಬೆನ್ನ ಮೇಲೆ ಆ ವಿಮಾನವನ್ನು ಇಳಿಸುತ್ತಾರೆ. ಡೆರೆಕ್ ಮೆಡಿಂಗ್ಸ್ ಮಾಡಿದ್ದ ಮಾಡೆಲ್ಲುಗಳು ಇವು. ಚಿತ್ರೀಕರಣದ ವೇಳೆ ಒಂದು ಗಾಡಿಯ ತಂತಿ ಕಿತ್ತು ಅದು ಅಡ್ಡಾದಿಡ್ಡಿ ಹೋಗಿಬಿಟ್ಟಿತು, ಅದನ್ನೂ ಕಥೆಗೇ ಸೇರಿಸಿಕೊಂಡರು. ಮೆಡಿಂಗ್ಸ್ ಮುಂದೆ ಜೇಮ್ಸ್ ಬಾಂಡ್ ಸಿನಿಮಾಗಳಿಗೆ ಹೋದರು. ಈ ಕಂತನ್ನು ಇವತ್ತು ನೋಡಿದರೂ ಕೊನೆಯ ಹತ್ತು ನಿಮಿಷ ಗೊಂಬೆಗಳು ಎಂಬುದು ಮರೆತುಹೋಗುತ್ತದೆ. ವಿಮಾನದಲ್ಲಿರುವ ಜನ ಉಳಿಯಬೇಕು ಎಂಬುದೊಂದೇ ಮನಸ್ಸಿನಲ್ಲಿರುತ್ತದೆ.

ಆಂಡರ್ಸನ್ ಸರಣಿಗಳಲ್ಲಿ ಇದು ಬೇರೆಯಾಗಿ ನಿಂತದ್ದು ಇಲ್ಲಿ. ಉಳಿದವುಗಳಲ್ಲಿ ಶತ್ರು ಇರುತ್ತಾನೆ, ಅವನನ್ನು ಹೊಡೆಯಬೇಕು. ಇಲ್ಲಿ ಬಹುಪಾಲು ಶತ್ರುವೇ ಇಲ್ಲ. ಕುಸಿದ ನೆಲ, ಕೆಟ್ಟ ಯಂತ್ರ, ಮುಗಿಯುತ್ತಿರುವ ಗಾಳಿ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡವನ್ನು ಹಳಿಗಳ ಮೇಲೆ ಸರಿಸಲು ಹೋಗಿ ಅದು ಕುಸಿದು, ಅಡಿಯಲ್ಲಿ ಜನ ಸಿಕ್ಕಿಕೊಳ್ಳುವ ಕಂತೊಂದಿದೆ. ಅದರಲ್ಲಿ ಖಳನಾಯಕ ಎಂದರೆ ಏರುತ್ತಿರುವ ನೀರು. ಹಿಂದೆ ಎಲ್ಲೋ ಲೆಂಗೆಡೆಯ ಗಣಿ ಇದ್ದೇ ಇದೆ.

ಸರಣಿ ಬ್ರಿಟನ್ನಿನಲ್ಲಿ ಗೆದ್ದಿತು. 1966ರಲ್ಲಿ ಲ್ಯೂ ಗ್ರೇಡ್ ಅದನ್ನು ಅಮೆರಿಕದ ಮೂರು ದೊಡ್ಡ ಟೀವಿ ಜಾಲಗಳಿಗೆ ಮಾರಲು ಹೊರಟರು. ವ್ಯಾಪಾರ ಕುದುರಿತು ಅನ್ನುವಷ್ಟರಲ್ಲಿ ಒಬ್ಬರು ಹಿಂದೆ ಸರಿದರು, ಅದನ್ನು ನೋಡಿ ಉಳಿದವರೂ ಸರಿದರು. ಅಮೆರಿಕ ಕೊಳ್ಳದಿದ್ದರೆ ಇಷ್ಟು ದುಬಾರಿಯ ಸರಣಿ ನಡೆಸುವುದು ಕಷ್ಟ. ಎರಡನೆಯ ವರ್ಷದ ಆರು ಕಂತುಗಳಿಗೇ ನಿಲ್ಲಿಸಿದರು, ಒಟ್ಟು 32. ಆ ನಿರಾಕರಣೆಯನ್ನು ನೆನಪಿಟ್ಟುಕೊಳ್ಳಿ. ಅದರ ಬಿಲ್ಲು ಮೂವತ್ತೆಂಟು ವರ್ಷದ ನಂತರ ಬಂತು.

ಅದೇ ಡಿಸೆಂಬರಿನಲ್ಲಿ ‘ಥಂಡರ್‌ಬರ್ಡ್ಸ್ ಆರ್ ಗೋ’ ಸಿನಿಮಾ ಲಂಡನ್ನಿನಲ್ಲಿ ತೆರೆಕಂಡಿತು. ಯುನೈಟೆಡ್ ಆರ್ಟಿಸ್ಟ್ಸ್‌ನವರು ದೊಡ್ಡ ಹಣ ಬರುತ್ತದೆಂದು ನಂಬಿದ್ದರು. ಮೊದಲ ಪ್ರದರ್ಶನದ ಸಂಭ್ರಮ ಮುಗಿದು ಮಾಮೂಲಿ ಪ್ರದರ್ಶನ ಶುರುವಾದಾಗ ಥಿಯೇಟರು ಖಾಲಿ ಹೊಡೆಯುತ್ತಿತ್ತು. ಮನೆಯಲ್ಲಿ ಬಿಟ್ಟಿಯಾಗಿ ಸಿಗುವುದಕ್ಕೆ ಯಾರು ಟಿಕೆಟ್ ಕೊಳ್ಳುತ್ತಾರೆ ಎಂದು ಅನೇಕರು ವಿವರಿಸಿದರು. ಅದೂ ನಿಜವಿರಬಹುದು. ಆದರೆ ಸಿನಿಮಾವನ್ನು ಕೂತು ನೋಡಿ. ಝೀರೊ-ಎಕ್ಸ್ ಎಂಬ ಮಂಗಳಯಾನದ ನೌಕೆಯ ಭಾಗಗಳನ್ನು ಒಂದೊಂದಾಗಿ ಜೋಡಿಸುವ ದೀರ್ಘ ದೃಶ್ಯದಿಂದ ಅದು ಶುರುವಾಗುತ್ತದೆ. ಚೆಂದವಿದೆ, ಮುಗಿಯುವುದೇ ಇಲ್ಲ. ಆಮೇಲೆ ನೌಕೆ ಮಂಗಳಕ್ಕೆ ಹೋಗುತ್ತದೆ, ಕಲ್ಲಿನ ಹಾವುಗಳು ಬೆಂಕಿ ಉಗುಳುತ್ತವೆ. ಟ್ರೇಸಿಗಳು ನೌಕೆ ಹಾರುವಾಗ ಕಾವಲು ನಿಂತು ಮನೆಗೆ ವಾಪಸಾಗುತ್ತಾರೆ. ಆಲನ್ ಕನಸು ಕಾಣುತ್ತಾನೆ, ಕನಸಿನಲ್ಲಿ ಗಾಯಕ ಕ್ಲಿಫ್ ರಿಚರ್ಡ್ ಗೊಂಬೆಯಾಗಿ ಬಂದು ಹಾಡುತ್ತಾನೆ. ನಿಜವಾದ ರಕ್ಷಣೆಯ ಕೆಲಸ, ಬೀಳುತ್ತಿರುವ ನೌಕೆಯೊಳಕ್ಕೆ ಆಲನ್ ಇಳಿದು ತಂತಿ ಜೋಡಿಸುವುದು, ಬರುವುದು ಕಟ್ಟಕಡೆಗೆ. ಅದು ಅದ್ಭುತವಾಗಿದೆ. ಅಷ್ಟು ಹೊತ್ತು ಕಾಯಬೇಕಾದದ್ದೇ ಕಷ್ಟ.

1968ರ ‘ಥಂಡರ್‌ಬರ್ಡ್ 6’ ಇನ್ನೂ ದೂರ ಹೋಯಿತು. ಆಲನ್, ಪೆನೆಲೊಪೆ ಮುಂತಾದವರು ಒಂದು ಆಕಾಶನೌಕೆಯಲ್ಲಿ ಪ್ರವಾಸ ಹೊರಡುತ್ತಾರೆ, ಆ ನೌಕೆಯನ್ನು ವೇಷಧಾರಿಗಳು ಹಿಡಿದುಕೊಂಡಿದ್ದಾರೆ. ಅಪಾಯಕ್ಕೆ ಸಿಕ್ಕುವವರು ನಮ್ಮ ನಾಯಕರೇ. ಈ ಸಿನಿಮಾದ ಬಗ್ಗೆ ಜನ ಹೆಚ್ಚು ನೆನಪಿಡುವುದು ಒಂದು ಕೋರ್ಟು ಕೇಸನ್ನು. ಹಳೆಯ ಟೈಗರ್ ಮಾತ್ ವಿಮಾನವನ್ನು ಇನ್ನೂ ಕಟ್ಟುತ್ತಿದ್ದ ಹೆದ್ದಾರಿಯ ಸೇತುವೆಯಡಿ ತೂರಿಸಬೇಕಿತ್ತು. ಸೇತುವೆ ಕೆಳಗೆ ಗಾಲಿ ನೆಲಕ್ಕೆ ತಾಗಿರಬೇಕೆಂಬುದು ಷರತ್ತು. ಪೈಲಟ್ ಜೋನ್ ಹ್ಯೂಸ್ ಗಾಳಿಯ ಹೊಡೆತ ನೋಡಿ ಇಳಿಸುವುದೇ ಅಪಾಯವೆಂದು ಹಾರಿಸಿಕೊಂಡೇ ಹೋದರು. ಪೊಲೀಸರು ಕೇಸು ಹಾಕಿದರು, ಜ್ಯೂರಿ ಬಿಡುಗಡೆ ಮಾಡಿತು.

ಆಮೇಲೆ ಆಂಡರ್ಸನ್‌ಗೆ ಕೊನೆಗೂ ನಟರು ಸಿಕ್ಕರು. 1970ರಿಂದ ಅವರು ಮನುಷ್ಯರನ್ನಿಟ್ಟುಕೊಂಡು ವೈಜ್ಞಾನಿಕ ಸರಣಿ ಮಾಡಿದರು. ಥಂಡರ್‌ಬರ್ಡ್ಸ್‌ನಲ್ಲಿ ತಮಗಿದ್ದ ಪಾಲನ್ನು ಆ ದಶಕದಲ್ಲಿ ಮಾರಿಬಿಟ್ಟರು. ಪೆನೆಲೊಪೆಯನ್ನು ರೂಪಿಸಿ ಅವಳಿಗೆ ದನಿಯಾಗಿದ್ದ ಪತ್ನಿ ಸಿಲ್ವಿಯಾ ಅವರಿಂದ ಬೇರೆಯಾದರು. ಹಕ್ಕುಗಳು ಕಂಪನಿಯಿಂದ ಕಂಪನಿಗೆ ಕೈಬದಲಾದವು.

1991ರಲ್ಲಿ ಬಿಬಿಸಿ ಸರಣಿಯನ್ನು ಮತ್ತೆ ಪ್ರಸಾರ ಮಾಡಿದಾಗ ಯಾರೂ ಎಣಿಸದಂತೆ ಹೊಸ ತಲೆಮಾರು ಅದಕ್ಕೆ ಅಂಟಿಕೊಂಡಿತು. 1992ರ ಕ್ರಿಸ್‌ಮಸ್‌ಗೆ ಟ್ರೇಸಿ ದ್ವೀಪದ ಆಟಿಕೆ ಅಂಗಡಿಗಳಲ್ಲಿ ಸಿಗದೆ ಅಪ್ಪಅಮ್ಮಂದಿರು ಕಂಗಾಲಾದರು. ಕೊನೆಗೆ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ರಟ್ಟಿನ ಡಬ್ಬ, ಮನೆಯ ಚೂರುಪಾರು ಸಾಮಾನುಗಳಿಂದ ಆ ದ್ವೀಪ ಮಾಡುವುದು ಹೇಗೆಂದು ತೋರಿಸಬೇಕಾಯಿತು. ಅಂದರೆ ಬ್ರಿಟನ್ನಿನ ಮಟ್ಟಿಗೆ ಈ ಗೊಂಬೆಗಳು ಅಪ್ಪನ ಬಾಲ್ಯದಲ್ಲೂ ಮಗನ ಬಾಲ್ಯದಲ್ಲೂ ಇದ್ದವು. ಹಳತಾಗಿವೆ, ತಂತಿ ಕಾಣುತ್ತದೆ, ಮಕ್ಕಳಿಗೆ ಹಿಡಿಸುವುದಿಲ್ಲ ಎಂಬ ವಾದ ಅಲ್ಲಿ ಒಮ್ಮೆ ಪರೀಕ್ಷೆಯಾಗಿ ಬಿದ್ದುಹೋಗಿತ್ತು.

2004ರ ಜುಲೈನಲ್ಲಿ ಬಂದ ‘ಥಂಡರ್‌ಬರ್ಡ್ಸ್’ ಸಿನಿಮಾ ಆ ಮನೆಗಳಿಗಾಗಿ ಮಾಡಿದ್ದಲ್ಲ. ಸುಮಾರು 5.7 ಕೋಟಿ ಡಾಲರ್ ಹಾಕಿದಾಗ ಅಮೆರಿಕದ ಪ್ರೇಕ್ಷಕ ಬೇಕೇಬೇಕು. ಆ ಪ್ರೇಕ್ಷಕನಿಗೋ, 1966ರ ಆ ನಿರಾಕರಣೆಯಿಂದಾಗಿ, ಸರಣಿಯ ನೆನಪು ಅಷ್ಟಾಗಿ ಇಲ್ಲ. ನೆನಪಿಲ್ಲದವರಿಗೆ ಏನು ಮಾರುವುದು? ಹತ್ತಿರದಲ್ಲಿ ಗೆದ್ದಿದ್ದದ್ದು 2001ರ ‘ಸ್ಪೈ ಕಿಡ್ಸ್’. ಅಪ್ಪಅಮ್ಮ ಸೆರೆಸಿಕ್ಕಾಗ ಮಕ್ಕಳು ಬಿಡಿಸುವ ಕಥೆ. ಥಂಡರ್‌ಬರ್ಡ್ಸ್‌ಗೂ ಅದೇ ಅಂಗಿ ತೊಡಿಸಿದರು.

ಹೀಗಾಗಿ ಆಲನ್ ಶಾಲೆಗೆ ಹೋಗುವ ಹುಡುಗನಾದ. ಬ್ರೇನ್ಸ್‌ಗೆ ಫರ್ಮಾ ಎಂಬ ಮಗ ಬಂದ, ಟಿನ್‌ಟಿನ್ ಅವರ ಜೊತೆಗಾತಿ. ಹುಡ್‌ನ ಕ್ಷಿಪಣಿ ಐದನೆಯ ಥಂಡರ್‌ಬರ್ಡಿಗೆ ಬಡಿಯುತ್ತದೆ. ಅಲ್ಲಿರುವ ಜಾನ್‌ನನ್ನು ಉಳಿಸಲು ಜೆಫ್ ಉಳಿದ ಮಕ್ಕಳೊಂದಿಗೆ ಮೇಲೆ ಹೋಗುತ್ತಾನೆ, ಅಲ್ಲೇ ಸಿಕ್ಕಿಬೀಳುತ್ತಾನೆ. ಸಿನಿಮಾದ ಬಹುಭಾಗ ಸ್ಕಾಟ್, ವರ್ಜಿಲ್, ಗೋರ್ಡನ್, ಜಾನ್ ನಾಲ್ವರೂ ಮುಗಿಯುತ್ತಿರುವ ಗಾಳಿಯಲ್ಲಿ ತೇಲುತ್ತಿರುತ್ತಾರೆ. ಕೆಳಗೆ ಮೂವರು ಮಕ್ಕಳು ದ್ವೀಪದ ತುಂಬ ಓಡುತ್ತಾರೆ. ಹುಡ್ ಎರಡನೆಯ ಥಂಡರ್‌ಬರ್ಡನ್ನು ಕದ್ದು ಲಂಡನ್ನಿನ ಬ್ಯಾಂಕು ಲೂಟಿಗೆ ಹೊರಡುತ್ತಾನೆ. ನೆಲ ಕೊರೆಯುವ ಯಂತ್ರ, ಲೆಂಗೆಡೆಯ ನೆನಪನ್ನು ಹೊತ್ತ ಆ ‘ಮೋಲ್’, ಇಲ್ಲಿ ತಿಜೋರಿಗೆ ಕನ್ನ ಹಾಕುತ್ತದೆ.

ನನ್ನನ್ನು ಕೇಳಿದರೆ ಅಭಿಮಾನಿಗಳ ಎದೆಗೆ ಚುಚ್ಚಿದ್ದು ಇದು. ಎಲ್ಲ ಸಾಮಾನೂ ಅಲ್ಲಿತ್ತು. ದ್ವೀಪಕ್ಕೆ ಸೇಶೆಲ್ಸ್‌ನಲ್ಲಿ ಚಿತ್ರೀಕರಣ, ಯಂತ್ರಗಳ ಆಕಾರ ಹೆಚ್ಚುಕಡಿಮೆ ಹಳೆಯದೇ. ರೋಲ್ಸ್ ರಾಯ್ಸ್ ಹೋಗಿ ಫೋರ್ಡ್ ಬಂದದ್ದಕ್ಕೆ ಗೊಣಗಾಟ ಜೋರಾಗಿತ್ತು, ಆದರೆ ಅದನ್ನು ನುಂಗಿಕೊಳ್ಳಬಹುದಿತ್ತು. ಪೆನೆಲೊಪೆಯಾಗಿ ಸೋಫಿಯಾ ಮೈಲ್ಸ್, ಪಾರ್ಕರ್ ಆಗಿ ರಾನ್ ಕುಕ್ ಇಬ್ಬರನ್ನೂ ಕಟುವಾಗಿ ಬರೆದವರು ಕೂಡ ಮೆಚ್ಚಿದರು. ಹುಡ್ ಆಗಿ ಬೆನ್ ಕಿಂಗ್‌ಸ್ಲಿ, ಗುಜರಾತಿ ಮೂಲದ ತಂದೆಯ ಮಗ ಕೃಷ್ಣ ಭಾನ್‌ಜಿ; ಅವರು ಗಾಂಧಿಯಾಗಿ ಆಸ್ಕರ್ ಪಡೆದು ಆಗ ಇಪ್ಪತ್ತು ವರ್ಷ ಕಳೆದಿತ್ತು. ಇಷ್ಟೆಲ್ಲ ಇದ್ದೂ, ಮೊದಲಿಗೆ ಎಣ್ಣೆಬಾವಿಯ ಬೆಂಕಿಯಿಂದ ಕೆಲವರನ್ನು, ಕೊನೆಗೆ ಥೇಮ್ಸ್ ನದಿಗೆ ಬಿದ್ದ ಮಾನೊರೈಲಿನ ಡಬ್ಬಿಯಲ್ಲಿದ್ದವರನ್ನು ಬಿಟ್ಟರೆ, ಇಂಟರ್‌ನ್ಯಾಷನಲ್ ರೆಸ್ಕ್ಯೂ ಹೊರಗಿನ ಯಾರನ್ನೂ ಕಾಪಾಡುವುದಿಲ್ಲ. ಮಕ್ಕಳು ತಮ್ಮ ಮನೆಯವರನ್ನು ಕಾಪಾಡಿಕೊಳ್ಳುತ್ತಾರೆ.

ಮಕ್ಕಳಿಗಾಗಿ ಮಾಡಿದ ಸಿನಿಮಾದಲ್ಲಿ ಮಕ್ಕಳೇ ಇರಬೇಕು ಎಂಬ ಲೆಕ್ಕಾಚಾರ ಮೇಲ್ನೋಟಕ್ಕೆ ಸರಿ. 1965ರ ಮಗು ನೋಡುತ್ತಿದ್ದದ್ದು ದೊಡ್ಡವರನ್ನು. ಗಂಭೀರವಾಗಿ, ಗಾಬರಿಯಾಗದೆ, ಅಪರಿಚಿತರಿಗಾಗಿ ತಮ್ಮ ಜೀವ ಪಣಕ್ಕಿಡುವ ದೊಡ್ಡವರು. ಹೆಸರು ಬೇಡ, ಫೋಟೊ ಬೇಡ, ಕೆಲಸ ಮುಗಿದರೆ ವಾಪಸ್. ಅಂಥವರು ಎಲ್ಲೋ ಒಂದು ದ್ವೀಪದಲ್ಲಿ ಎದ್ದು ಕೂತಿದ್ದಾರೆ ಎಂಬ ನಂಬಿಕೆಯಲ್ಲಿ ಮಗು ಮಲಗುತ್ತಿತ್ತು. ಗೊಂಬೆಯ ಕದಲದ ಮುಖ ಆ ಗಾಂಭೀರ್ಯಕ್ಕೆ ಒದಗಿಬಂದಿತ್ತು. ಅದಕ್ಕೆ ಕಣ್ಣು ಮಿಟುಕಿಸಿ ತಮಾಷೆ ಮಾಡಲು ಬರುತ್ತಿರಲಿಲ್ಲ. ನಿರ್ದೇಶಕ ಜೊನಾಥನ್ ಫ್ರೇಕ್ಸ್ ಅವರ ಸಿನಿಮಾ ಆಗಾಗ ಪ್ರೇಕ್ಷಕರತ್ತ ಕಣ್ಣು ಮಿಟುಕಿಸುತ್ತದೆ.

ಗಳಿಕೆ ಸುಮಾರು 2.8 ಕೋಟಿ ಡಾಲರ್, ಅಂದರೆ ಹಾಕಿದ್ದರ ಅರ್ಧ. ಜೆರಿ ಆಂಡರ್ಸನ್‌ಗೆ ಅದರಲ್ಲಿ ಯಾವ ಪಾತ್ರವೂ ಇರಲಿಲ್ಲ, ನೋಡಿ ಬಹಳ ಕಟುವಾಗಿ ಮಾತಾಡಿದರು. ಸಿಲ್ವಿಯಾ ಮಾತ್ರ ಮೆಚ್ಚಿಕೊಂಡರು. ಜೀವನವಿಡೀ ಗೊಂಬೆಗಳ ಬದಲು ನಟರು ಸಿಗಲಿ ಎಂದು ಹಂಬಲಿಸಿದ ಮನುಷ್ಯ ಜೆರಿ. ಅವರ ಕೋಪ ಗೊಂಬೆಗಳು ಹೋದದ್ದಕ್ಕಿರಲಿಕ್ಕಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ತಮಾಷೆ ನಡೆಯಿತು. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ‘ಟೀಮ್ ಅಮೆರಿಕ’ ಎಂಬ ಸಿನಿಮಾ ತಂದರು. ದೊಡ್ಡವರಿಗೆ ಮಾತ್ರದ, ಮನೆಮಂದಿ ಜೊತೆ ನೋಡಬಾರದ ವ್ಯಂಗ್ಯ. ಆದರೆ ಪೂರ್ತಿ ಸೂತ್ರದ ಗೊಂಬೆಗಳಲ್ಲೇ, ಥಂಡರ್‌ಬರ್ಡ್ಸ್‌ನಿಂದಲೇ ಪ್ರೇರಿತವಾಗಿ, ತೂರಾಡುವ ನಡಿಗೆಯನ್ನೂ ಕಾಣುವ ತಂತಿಯನ್ನೂ ಬೇಕೆಂದೇ ಇಟ್ಟುಕೊಂಡು. ಅದು ಐದು ಕೋಟಿ ಡಾಲರ್ ದಾಟಿತು. ಹಾಗೆಂದು ಥಂಡರ್‌ಬರ್ಡ್ಸ್ ಅಭಿಮಾನಿಗಳಿಗೆ ಅದರಿಂದ ಸಮಾಧಾನವಾಯಿತೆಂದಲ್ಲ. ಅಲ್ಲಿ ಗೊಂಬೆಗಳಿದ್ದವು, ಅವು ಯಾರನ್ನೂ ಕಾಪಾಡುತ್ತಿರಲಿಲ್ಲ, ಕಾಪಾಡುವ ನೆಪದಲ್ಲಿ ಪ್ಯಾರಿಸ್ಸನ್ನೇ ಧ್ವಂಸ ಮಾಡುತ್ತಿದ್ದವು.

ಜೆರಿ 2012ರ ಡಿಸೆಂಬರಿನಲ್ಲಿ ತೀರಿಕೊಂಡರು. 2015ರಲ್ಲಿ, ಸರಣಿಗೆ ಐವತ್ತು ತುಂಬಿದಾಗ, ಎರಡು ಕೆಲಸಗಳಾದವು. ಒಂದು, ಕಂಪ್ಯೂಟರಿನಲ್ಲಿ ಮಾಡಿದ ಪಾತ್ರಗಳನ್ನು ಕೈಯಲ್ಲಿ ಕಟ್ಟಿದ ಪುಟ್ಟ ಸೆಟ್ಟುಗಳಲ್ಲಿ ಓಡಾಡಿಸಿದ ಹೊಸ ಟೀವಿ ಸರಣಿ. ಅದರಲ್ಲಿ ಗೊಂಬೆಗಳಿಲ್ಲ, ಆದರೆ ಕಂತಿಗೊಂದು ರಕ್ಷಣಾ ಕಾರ್ಯವಿದೆ. 78 ಕಂತು ನಡೆಯಿತು. ಪಾರ್ಕರನ ದನಿಗೆ ಹಳೆಯ ಡೇವಿಡ್ ಗ್ರಹಾಮ್ ಅವರೇ ಮರಳಿ ಬಂದರು.

ಇನ್ನೊಂದು ಅಭಿಮಾನಿಗಳದ್ದು. ಜನರಿಂದ ಎರಡು ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿ ಮೂರು ಹೊಸ ಗೊಂಬೆ ಕಂತುಗಳನ್ನು ಹಳೆಯ ವಿಧಾನದಲ್ಲೇ, ಸ್ಲೌನ ಅದೇ ಕೈಗಾರಿಕಾ ಪ್ರದೇಶದಲ್ಲಿ ಚಿತ್ರೀಕರಿಸಿದರು. ಹೊಸ ದನಿಗಳನ್ನು ಹುಡುಕಲಿಲ್ಲ. ಅರವತ್ತರ ದಶಕದಲ್ಲಿ ಗ್ರಾಮಫೋನ್ ತಟ್ಟೆಗಳಿಗೆಂದು ಮೂಲ ಕಲಾವಿದರು ಮಾಡಿದ್ದ ಧ್ವನಿನಾಟಕಗಳು ಉಳಿದಿದ್ದವು. 1977ರಲ್ಲಿ ತೀರಿಕೊಂಡಿದ್ದ ಪೀಟರ್ ಡೈನ್ಲಿ ಅವರ ದನಿಗೆ ಜೆಫ್ ಟ್ರೇಸಿಯ ತುಟಿಗಳು ಮತ್ತೆ ಆಡಿದವು.